ಮುಕ್ಕಾಲಿ ಪುರಾಣ

ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದ ಮಿತ್ರರೊಬ್ಬರು ನಡುಮನೆಯ ಗೋಡೆಯ ಮೇಲಿರುವ ಒಂದು ಛಾಯಾಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಕನ್ನಡಕವನ್ನು ತೆಗೆದು, ಒರಸಿ, ಮತ್ತೆ ಹಾಕಿಕೊಂಡು ನೋಡಿದರು. ಕೊನೆಗೆ, "ಏನು ಸ್ವಾಮಿ ಇದು, ಬರಿಯ ಕಾಲುಗಳೇ ಇವೆಯಲ್ಲ! ನವ್ಯಕಲೆಯೋ?" ಎಂದು ಕೇಳಿದರು. ಒಳಗಿನಿಂದ ಕಾಫಿ ತರುತ್ತಿದ್ದ ನನ್ನ ಶ್ರೀಮತಿ, "ನವ್ಯವೂ ಅಲ್ಲ, ನವೋದಯವೂ ಅಲ್ಲ. ಇವರ ತಿರುಪು ಸಡಿಲವಾಗಿದ್ದುದರ ಫಲ" ಎಂದು ನನಗಿಂತ ಮೊದಲೇ ಉತ್ತರ ಕೊಟ್ಟಳು. ಮಿತ್ರರು ನನ್ನ ಮುಖವನ್ನು ಅನುಕಂಪದಿಂದ ನೋಡಿದರು. ಅವರ ಸಂಶಯವನ್ನು ನಿವಾರಿಸುವುದಕ್ಕಾದರೂ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸುವ ವಿಷಯವನ್ನು ಈ ವಾರ ಎತ್ತಿಕೊಳ್ಳಬೇಕಾಗಿದೆ.

ಟ್ರೈಪಾಡ್ ಎಂದು ಎಲ್ಲರೂ ಕರೆಯುವ ಸಾಧನವನ್ನು ನಾನು ಮುಕ್ಕಾಲಿ ಎನ್ನುತ್ತೇನೆ. ಕನ್ನಡದ ಮೇಷ್ಟರು ಹೊಸದೊಂದು ಶಬ್ದವನ್ನು ಹುಟ್ಟಿಸಿದರೆಂದು ಯಾರೂ ಗಾಬರಿಯಾಗಬೇಕಾದದ್ದಿಲ್ಲ; ಮೂರು ಕಾಲಿನ ಪೀಠಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ಅದು. ಕಾಲು ಎಂಬ ಮಾತೇ ವಿನೋದದ್ದು. ನಡೆಯುವ ಅಂಗವೂ ಕಾಲು, ನಾಲ್ಕರಲ್ಲಿ ಒಂದು ಪಾಲೂ ಕಾಲು. ಸಂಸ್ಕೃತದ 'ಪಾದ'ಕ್ಕೂ ಇವೇ ಎರಡು ಅರ್ಥಗಳು. ಹಸುವಿಗೆ ನಾಲ್ಕು ಕಾಲಿರುವುದರಿಂದ ಒಂದು ಕಾಲೆಂದರೆ ನಾಲ್ಕನೆಯ ಒಂದು ಪಾಲು. ಹಾಗೆ ನೋಡಿದರೆ ಮೂರು ಕಾಲಿನದು ಮುಕ್ಕಾಲು ಮಾತ್ರ, ಪೂರ್ಣವಾಗುವುದಕ್ಕೆ ಇನ್ನೂ ಕಾಲು ಬೇಕು. ಆ ಉಳಿದ ಕಾಲು ಎಲ್ಲಿದೆಯೆಂಬುದನ್ನು ಮುಂದೆ ಹೇಳುತ್ತೇನೆ.

ನಾಲ್ಕು ಕಾಲಿನ ವಸ್ತು ನಿಲ್ಲುವುದಕ್ಕೆ ನೆಲದ ಸಹಕಾರ ಬೇಕು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿರುವ ಮೇಜಿನ ಒಂದು ಕಾಲಿನ ಕೆಳಗೆ ಹಲವು ವರ್ಷಗಳಿಂದ ಹಳೆಯ ಪ್ರಶ್ನೆಪತ್ರಿಕೆಯೊಂದು ಮಡಿಚಿ ಕುಳಿತಿದೆ. ಆ ಪತ್ರಿಕೆಯಿಂದ ಸಿಕ್ಕ ಪ್ರಯೋಜನ ಪರೀಕ್ಷೆಯಲ್ಲೂ ಸಿಕ್ಕಿರಲಾರದು. ಮೂರು ಕಾಲಿಗೆ ಈ ಕಷ್ಟವಿಲ್ಲ. ಯಾವ ಮೂರು ಬಿಂದುಗಳನ್ನು ತೆಗೆದುಕೊಂಡರೂ ಅವು ಒಂದೇ ಸಮತಲದ ಮೇಲಿರುತ್ತವೆ. ನಾಲ್ಕನೆಯದು ಬಂದಾಗಲೇ ಜಗಳ. ಈ ರೇಖಾಗಣಿತವನ್ನು ಯಾರೂ ಕಲಿಸದೆಯೇ ನಮ್ಮ ಅಜ್ಜಿಯಂದಿರು ತಿಳಿದಿದ್ದರು. ಅವರ ಒಲೆಗೆ ಮೂರು ಗುಂಡು. ನೆಲ ಎಷ್ಟು ಏರುಪೇರಾಗಿದ್ದರೂ ಅದರ ಮೇಲಿಟ್ಟ ಅನ್ನದ ಗಡಿಗೆ ಗಡಗಡ ಎನ್ನುತ್ತಿರಲಿಲ್ಲ. ಧರ್ಮವೆಂಬ ವೃಷಭವು ಕೃತಯುಗದಲ್ಲಿ ನಾಲ್ಕು ಕಾಲಿನ ಮೇಲೆಯೂ ತ್ರೇತಾಯುಗದಲ್ಲಿ ಮೂರರ ಮೇಲೆಯೂ ನಿಲ್ಲುತ್ತದೆಂದು ಪುರಾಣ ಹೇಳುತ್ತದೆ. ಛಾಯಾಗ್ರಾಹಕನಿಗೆ ತ್ರೇತಾಯುಗವೇ ಉತ್ತಮ. ಕಲಿಯುಗದ ಒಂಟಿಕಾಲಿನ ಸಾಧನವೂ ಅಂಗಡಿಯಲ್ಲಿ ದೊರೆಯುತ್ತದೆ, ಮಾನೋಪಾಡ್ ಎಂದು ಅದರ ಹೆಸರು. ಆದರೆ ಧರ್ಮದಂತೆ ಅದನ್ನೂ ಸದಾ ಒಬ್ಬರು ಹಿಡಿದುಕೊಂಡೇ ಇರಬೇಕು.

ಮೊದಲಿನ ಛಾಯಾಗ್ರಾಹಕರಿಗಂತೂ ಮುಕ್ಕಾಲಿ ಇಲ್ಲದೆ ಬದುಕೇ ಇರಲಿಲ್ಲ. 1839ರಲ್ಲಿ ಫ್ರಾನ್ಸಿನ ದಾಗೆರ್ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದಾಗ ಒಂದು ಚಿತ್ರಕ್ಕೆ ಹಲವು ನಿಮಿಷಗಳ ಬೆಳಕು ಬೇಕಾಗುತ್ತಿತ್ತು. ಕ್ಯಾಮೆರಾ ಅಲುಗದಿದ್ದರೆ ಸಾಲದು, ಎದುರಿಗೆ ಕುಳಿತವರೂ ಅಲುಗಬಾರದು. ಅದಕ್ಕಾಗಿ ಅವರ ಕತ್ತಿನ ಹಿಂದೆ ಕಬ್ಬಿಣದ ಒಂದು ಕವಲನ್ನು ನಿಲ್ಲಿಸಿ ತಲೆಯನ್ನು ಅದಕ್ಕೆ ಆನಿಸುತ್ತಿದ್ದರು. ಹಳೆಯ ಚಿತ್ರಗಳಲ್ಲಿ ಎಲ್ಲರೂ ಅಷ್ಟು ಗಂಭೀರರಾಗಿ ಕಾಣುವುದಕ್ಕೆ ಅವರ ಶೀಲವೊಂದೇ ಕಾರಣವಲ್ಲ.

ನಮ್ಮ ನಾಡಿಗೂ ಈ ಕಥೆಗೂ ಒಂದು ನಂಟಿದೆ. ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಇಳಿಸಿದನು. ಆಗ ಚಿತ್ರ ಎಷ್ಟು ದೊಡ್ಡದೋ ನೆಗೆಟಿವೂ ಅಷ್ಟೇ ದೊಡ್ಡದು. ಕ್ಯಾಮೆರಾವಂತೂ ಒಂದು ಪೆಟ್ಟಿಗೆಯಷ್ಟು. ಅದನ್ನು ಬಂಡೆಗಳ ನಡುವೆ ಹೊತ್ತು, ಕಾಲುಗಳ ಮೇಲೆ ನಿಲ್ಲಿಸಿ, ನಿಮಿಷಗಟ್ಟಲೆ ಕಾದು ತೆಗೆದ ಚಿತ್ರಗಳವು. ವಿಟ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಇಂದು ರಥವಿದೆ, ಶಿಖರವಿಲ್ಲ. ಅದು ಹೇಗಿತ್ತೆಂಬುದಕ್ಕೆ ಗ್ರೀನ್‌ಲಾನ ಚಿತ್ರ ಸಾಕ್ಷಿ. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಆ ಹಳೆಯ ಚಿತ್ರಗಳನ್ನು ಅನುಸರಿಸಿ, ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನು ಹುಡುಕಿ, ಅವೇ ನೋಟಗಳನ್ನು ಮತ್ತೆ ತೆಗೆದರು. ನೂರ ಇಪ್ಪತ್ತೇಳು ವರ್ಷಗಳ ಅಂತರದಲ್ಲಿ ಎರಡು ಕ್ಯಾಮೆರಾಗಳು ಒಂದೇ ಕಡೆ ಕಾಲೂರಿದುವು. ಹಂಪೆಗೆ ಹೋದಾಗಲೆಲ್ಲ ನಾನು ಶಿಲ್ಪವನ್ನು ನೋಡುವುದನ್ನು ಬಿಟ್ಟು ನೆಲವನ್ನು ನೋಡುತ್ತ ನಿಂತುಬಿಡುವುದುಂಟು.

ಈಗ ಆ ಉಳಿದ ಕಾಲಿನ ವಿಚಾರ. ಯಾವ ಕ್ಯಾಮೆರಾವನ್ನಾದರೂ ತಿರುಗಿಸಿ ತಳವನ್ನು ನೋಡಿ. ಅಲ್ಲೊಂದು ಸಣ್ಣ ರಂಧ್ರವಿದೆ. ಅದರೊಳಗೆ ಹೋಗುವ ತಿರುಪಿನ ದಪ್ಪ ಕಾಲು ಅಂಗುಲ! ಒಂದು ಅಂಗುಲಕ್ಕೆ ಇಪ್ಪತ್ತು ಸುತ್ತಿನ ಮರೆ. ದೊಡ್ಡ ಕ್ಯಾಮೆರಾಗಳಿಗೂ ಮುಕ್ಕಾಲಿಯ ತಲೆಯನ್ನು ಕಾಲಿಗೆ ಕೂಡಿಸುವುದಕ್ಕೂ ಅಂಗುಲದ ಎಂಟರಲ್ಲಿ ಮೂರು ಪಾಲು ದಪ್ಪದ, ಅಂಗುಲಕ್ಕೆ ಹದಿನಾರು ಸುತ್ತಿನ ಇನ್ನೊಂದು ತಿರುಪನ್ನು ಬಳಸುತ್ತಾರೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ, ಒಂದೊಂದು ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪು ಮಾಡುವುದು ಸಲ್ಲದೆಂದು ಅಳತೆಗಳ ಒಂದು ಪಟ್ಟಿಯನ್ನು ಮುಂದಿಟ್ಟನು. ನಮ್ಮ ತಿರುಪುಗಳು ಆ ವಂಶದ ಕುಡಿಗಳು. ಜರ್ಮನಿ, ಜಪಾನುಗಳು ಮಸೂರವನ್ನೂ ಪೆಟ್ಟಿಗೆಯನ್ನೂ ಮಿಲಿಮೀಟರಿನಲ್ಲಿ ಅಳೆದು ಮಾಡಿದರೂ ಈ ಒಂದು ರಂಧ್ರವನ್ನು ಮಾತ್ರ ಅಂಗುಲದ ಲೆಕ್ಕದಲ್ಲೇ ಕೊರೆಯುತ್ತವೆ. ಆದ್ದರಿಂದಲೇ ತಾತನ ಮುಕ್ಕಾಲಿಯ ಮೇಲೆ ಮೊಮ್ಮಗನ ಕ್ಯಾಮೆರಾ ಕೂರುತ್ತದೆ.

ಆದರೆ ಕೂರುವುದು ಬೇರೆ, ಭದ್ರವಾಗಿ ಕೂರುವುದು ಬೇರೆ. ತಿರುಪು ಕ್ಯಾಮೆರಾದ ಹೊಟ್ಟೆಯೊಳಗೆ ಹೋಗುವುದು ಸುಮಾರು ನಾಲ್ಕು ಸುತ್ತು. ಮೂರು ತಿಂಗಳ ಸಂಬಳದ ಒಡವೆಯನ್ನು ಈ ನಾಲ್ಕು ಸುತ್ತಿಗೆ ಒಪ್ಪಿಸಿ ನಾವು ನಿಶ್ಚಿಂತರಾಗಿರುತ್ತೇವೆ. ಈಗಿನ ಮುಕ್ಕಾಲಿಗಳಲ್ಲಿ ಒಂದು ಅನುಕೂಲವಿದೆ. ಸಣ್ಣದೊಂದು ಲೋಹದ ತಟ್ಟೆಯನ್ನು ಕ್ಯಾಮೆರಾಕ್ಕೆ ತಿರುಪಿನಿಂದ ಬಿಗಿದಿಟ್ಟರೆ, ಬೇಕಾದಾಗ ಆ ತಟ್ಟೆಯನ್ನು ಮುಕ್ಕಾಲಿಯ ತಲೆಯ ಮೇಲಿನ ಗಾಡಿಯೊಳಗೆ ಜಾರಿಸಿ ಅಗುಳಿ ಹಾಕಬಹುದು. ಹಾಕುವುದು ಎರಡು ಕ್ಷಣ, ತೆಗೆಯುವುದು ಎರಡು ಕ್ಷಣ. ಬೀಳುವುದಕ್ಕೆ ಅಷ್ಟೂ ಬೇಡ.

ಇದು ನನಗೆ ತಿಳಿದದ್ದು 2014ರಲ್ಲಿ, ಆಗುಂಬೆಯಲ್ಲಿ. ಮೂರು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದ ಸಂಭಾವನೆಯನ್ನು ಕೂಡಿಸಿ ಕೊಂಡ ಕ್ಯಾಮೆರಾ. ಮದುವೆಯಾಗಿ ಹೆಚ್ಚು ದಿನಗಳಾಗಿರಲಿಲ್ಲ. ಸೂರ್ಯಾಸ್ತವನ್ನು ತೋರಿಸುತ್ತೇನೆಂದು ಶ್ರೀಮತಿಯನ್ನೂ ಕರೆದುಕೊಂಡು ಹೋಗಿದ್ದೆ. ಸೂರ್ಯನು ಎಂದಿನಂತೆ ಮೋಡದ ಹಿಂದೆ ಅಸ್ತಮಿಸಿದನು. ನಾನು ಕ್ಯಾಮೆರಾವನ್ನು ಬಿಚ್ಚದೆ, ಮುಕ್ಕಾಲಿಯನ್ನು ಮಡಿಚಿ, ರೈತನು ನೇಗಿಲನ್ನು ಹೊರುವಂತೆ ಹೆಗಲಿಗೇರಿಸಿ ಗತ್ತಿನಿಂದ ನಡೆದೆ. ಹಿಂದಿನಿಂದ 'ಠಣ್' ಎಂದು ಕೇಳಿಸಿತು. ತಿರುಗಿ ನೋಡಿದರೆ ಕ್ಯಾಮೆರಾ ರಸ್ತೆಯ ಮೇಲೆ. ನನ್ನ ಹೆಗಲಿನ ಮೇಲೆ ಬರಿಯ ಕಾಲುಗಳು. ಅಗುಳಿ ಅರ್ಧ ಮಾತ್ರ ಬಿದ್ದಿತ್ತು. ಮಸೂರದ ಮುಂದಿನ ಬಳೆ ಸೊಟ್ಟಗಾಗಿತ್ತು, ಗಾಜು ದೈವವಶಾತ್ ಉಳಿದಿತ್ತು. ಶ್ರೀಮತಿ ಅದನ್ನು ಎತ್ತಿ ಸೆರಗಿನಿಂದ ಒರಸಿ ಕೊಡುತ್ತ ಒಂದೇ ಮಾತು ಹೇಳಿದಳು: "ಕುಕ್ಕರಿನ ಮುಚ್ಚಳ ಹಾಕಿದ ಮೇಲೆ ನಾವು ಒಂದು ಸಲ ಎಳೆದು ನೋಡುತ್ತೇವಪ್ಪ."

ಮುಕ್ಕಾಲಿಯ ಶಾಸ್ತ್ರವನ್ನು ಇಷ್ಟು ಸಂಕ್ಷೇಪವಾಗಿ ಯಾವ ಗ್ರಂಥವೂ ಹೇಳಿರುವುದನ್ನು ನಾನು ಕಾಣೆ. ಅಂದಿನಿಂದ ಕ್ಯಾಮೆರಾದ ಪಟ್ಟಿಯನ್ನು ಕತ್ತಿನಲ್ಲಿಯೇ ಉಳಿಸಿಕೊಂಡು ತಟ್ಟೆಯನ್ನು ಕೂರಿಸುತ್ತೇನೆ. ಅಗುಳಿಯ 'ಟಕ್' ಎಂಬ ಸದ್ದು ಕೇಳಿಸಬೇಕು. ಆಮೇಲೆ ಕ್ಯಾಮೆರಾವನ್ನು ಹಿಡಿದು ಮೇಲಕ್ಕೊಮ್ಮೆ, ಪಕ್ಕಕ್ಕೊಮ್ಮೆ ಎಳೆದು ನೋಡಬೇಕು. ಅದಾದ ಮೇಲೆಯೇ ಪಟ್ಟಿಯನ್ನು ಕತ್ತಿನಿಂದ ತೆಗೆಯುವುದು. ತೆಗೆದ ಪಟ್ಟಿಯನ್ನು ಗಾಳಿಗೆ ತೂಗಾಡಲು ಬಿಡಬಾರದು. ಅದು ಪಟಪಟನೆ ಬಡಿದರೆ ಕ್ಯಾಮೆರಾ ನಡುಗುತ್ತದೆ, ಓಡಾಡುವ ಮಗುವಿನ ಕೈಗೆ ಸಿಕ್ಕರೆ ಹೇಳುವುದೇ ಬೇಡ. ತಟ್ಟೆಯ ಕೆಳಗಿನ ತಿರುಪನ್ನೂ ಹೊರಡುವ ಮುನ್ನ ಒಮ್ಮೆ ಪರೀಕ್ಷಿಸಬೇಕು, ಅದು ತಾನಾಗಿಯೇ ಸ್ವಲ್ಪ ಸ್ವಲ್ಪವಾಗಿ ಸಡಿಲುವ ಸ್ವಭಾವದ್ದು. ಬಿಗಿಯಲು ಒಂದು ನಾಣ್ಯ ಸಾಕು. ಹಾಗೆಂದು ಪೈಲ್ವಾನರ ಬಲವನ್ನು ತೋರಿಸಬಾರದು; ಮರೆ ಸವೆದರೆ ಹೋಗುವುದು ಕ್ಯಾಮೆರಾದ ತಳ. ತಟ್ಟೆಗೂ ಕ್ಯಾಮೆರಾಕ್ಕೂ ನಡುವಿನ ರಬ್ಬರಿನ ಮೇಲೆ ಧೂಳು ಕೂತಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ಒರಸಿ ಬಿಗಿಯುವುದು ಲೇಸು.

ಎತ್ತರದ ಗೋಪುರವನ್ನು ತೆಗೆಯಲೆಂದು ಕ್ಯಾಮೆರಾವನ್ನು ಪಕ್ಕಕ್ಕೆ ವಾಲಿಸಿ ನಿಲ್ಲಿಸುವಾಗ ಇನ್ನೊಂದು ಚಮತ್ಕಾರವಿದೆ. ಆಗ ಮಸೂರದ ಭಾರ ಇಡೀ ಕ್ಯಾಮೆರಾವನ್ನು ತಿರುಪಿನ ಸುತ್ತ ತಿರುಗಿಸಲು ನೋಡುತ್ತದೆ. ಒಂದು ಪಕ್ಕಕ್ಕೆ ವಾಲಿಸಿದರೆ ಈ ತಿರುಗುವಿಕೆಯಿಂದ ತಿರುಪು ಬಿಗಿಯುತ್ತದೆ, ಇನ್ನೊಂದು ಪಕ್ಕಕ್ಕಾದರೆ ಬಿಚ್ಚಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಕೆಲವು ತಟ್ಟೆಗಳಿಗೆ ಅಂಚಿನಲ್ಲಿ ಒಂದು ಸಣ್ಣ ತುಟಿಯನ್ನು ಎಬ್ಬಿಸಿರುತ್ತಾರೆ. ಅದು ಕ್ಯಾಮೆರಾದ ಬೆನ್ನಿಗೆ ಆತುಕೊಳ್ಳುತ್ತದೆ. ಹಕ್ಕಿಗಳನ್ನು ತೆಗೆಯುವವರ ಉದ್ದನೆಯ ಮಸೂರಕ್ಕೆ ತನ್ನದೇ ಒಂದು ಕೊರಳಪಟ್ಟಿ ಇರುತ್ತದೆ. ಮುಕ್ಕಾಲಿಗೆ ಅದನ್ನು ಬಿಗಿಯಬೇಕು, ಕ್ಯಾಮೆರಾವನ್ನಲ್ಲ. ಭಾರ ಎಲ್ಲಿದೆಯೋ ಆಧಾರ ಅಲ್ಲಿರಲಿ.

ಮೂರು ಕಾಲು ಅಲುಗದೆಂದೆನೇ ಹೊರತು ಮಗುಚದೆಂದು ಹೇಳಲಿಲ್ಲ. ಭಾರ ಮೂರು ಕಾಲುಗಳ ನಡುವಿನ ತ್ರಿಕೋನವನ್ನು ದಾಟಿತೋ, ಮುಕ್ಕಾಲಿ ಮುಗ್ಗರಿಸಿತೆಂದೇ ತಿಳಿಯಿರಿ. ಆದ್ದರಿಂದ ಒಂದು ಕಾಲು ಮಸೂರದ ದಿಕ್ಕಿಗೇ ಚಾಚಿರಬೇಕು. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗೆ, ಒಂದು ಏರಿನ ಕಡೆಗೆ. ಕಾಲನ್ನು ಉದ್ದ ಮಾಡುವಾಗ ಮೇಲಿನ ದಪ್ಪನೆಯ ಭಾಗಗಳನ್ನು ಮೊದಲು ಎಳೆಯಬೇಕು, ಕಡ್ಡಿಯಂಥ ಕೆಳಭಾಗವನ್ನು ಕಟ್ಟಕಡೆಗೆ. ನಡುವಿನ ಕಂಬವನ್ನು ಎತ್ತರಿಸುವ ಚಪಲವನ್ನು ಸಾಧ್ಯವಾದಷ್ಟೂ ಹತ್ತಿಕ್ಕಬೇಕು. ಅದನ್ನು ಎತ್ತಿದೊಡನೆ ಮುಕ್ಕಾಲಿಯ ನೆತ್ತಿಯ ಮೇಲೆ ಒಂಟಿಕಾಲೊಂದು ಬೆಳೆದಂತಾಯಿತು, ತ್ರೇತಾಯುಗದಿಂದ ನೇರವಾಗಿ ಕಲಿಯುಗಕ್ಕೆ. ಗಾಳಿ ಬಲವಾಗಿದ್ದರೆ ನಡುವಿನ ಕೊಂಡಿಗೆ ಚೀಲವನ್ನು ತೂಗುಹಾಕಬಹುದು, ಆದರೆ ಚೀಲದ ತಳ ನೆಲಕ್ಕೆ ಸ್ವಲ್ಪ ತಾಗಿರಲಿ. ಇಲ್ಲವಾದರೆ ಅದೇ ಗಡಿಯಾರದ ಲೋಲಕದಂತೆ ಆಡುತ್ತದೆ. ಇಷ್ಟೆಲ್ಲ ಮಾಡಿ ಬೆರಳಿನಿಂದ ಜೋರಾಗಿ ಗುಂಡಿಯನ್ನು ಒತ್ತಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಎರಡು ಕ್ಷಣ ತಡೆದು ತಾನೇ ತೆಗೆದುಕೊಳ್ಳುವ ಏರ್ಪಾಡು ಕ್ಯಾಮೆರಾದಲ್ಲಿರುತ್ತದೆ, ಅದನ್ನು ಬಳಸಬೇಕು.

ಇಷ್ಟು ತಿಳಿದವನ ಮನೆಯ ಗೋಡೆಯ ಮೇಲೆ ಬರಿಯ ಕಾಲುಗಳ ಚಿತ್ರ ಹೇಗೆ ಬಂತೆಂದು ನೀವು ಕೇಳಬಹುದು.

2016ರ ದೀಪಾವಳಿಗೆ ತೀರ್ಥಹಳ್ಳಿಯ ಹತ್ತಿರದ ಅಜ್ಜಿಯ ಮನೆಯಲ್ಲಿ ನಾವೆಲ್ಲ ಸೇರಿದ್ದೆವು. ಅಜ್ಜಿಗೆ ಆಗ ಎಂಬತ್ತಾರು. ಮಾವಂದಿರು, ಚಿಕ್ಕಮ್ಮಂದಿರು, ಅವರ ಮಕ್ಕಳು, ಸೊಸೆಯಂದಿರು ಸೇರಿ ಇಪ್ಪತ್ತಮೂರು ಮಂದಿ. ಹೀಗೆ ಎಲ್ಲರೂ ಒಟ್ಟಿಗೆ ಸೇರಿ ಹತ್ತು ವರ್ಷಗಳ ಮೇಲಾಗಿತ್ತು. ಅಂಗಳದಲ್ಲಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತ ಎಲ್ಲರನ್ನೂ ನಿಲ್ಲಿಸಿ, ಕ್ಯಾಮೆರಾವನ್ನು ಮುಕ್ಕಾಲಿಗೇರಿಸಿದೆ. ಅಗುಳಿ ಹಾಕಿದೆ, ಎಳೆದು ನೋಡಿದೆ, ಶ್ರೀಮತಿಯ ಕಡೆಗೆ ತಿರುಗಿ ಹೆಮ್ಮೆಯಿಂದ ತಲೆಯಾಡಿಸಿದೆ. ಹತ್ತು ಕ್ಷಣ ತಡೆದು ಒಂದರ ಹಿಂದೊಂದು ಮೂರು ಚಿತ್ರ ತೆಗೆಯುವಂತೆ ಗೊತ್ತುಮಾಡಿ, ಗುಂಡಿ ಒತ್ತಿ, ಓಡಿ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತೆ.

ಮುಕ್ಕಾಲಿಯ ತಲೆಯಲ್ಲಿ ಒಂದು ಗೋಳವಿರುತ್ತದೆ. ಕ್ಯಾಮೆರಾವನ್ನು ಬೇಕಾದ ಕಡೆಗೆ ತಿರುಗಿಸಿದ ಮೇಲೆ ಆ ಗೋಳವನ್ನು ಹಿಡಿದು ನಿಲ್ಲಿಸಲು ತಂಬೂರಿಯ ಬಿರಡೆಯಂಥ ಒಂದು ಹಿಡಿ ಇರುತ್ತದೆ. ಅದನ್ನು ತಿರುಗಿಸಿದ್ದೆ, ಪೂರ್ತಿ ಬಿಗಿದಿರಲಿಲ್ಲ. ಮುಂದೆ ಭಾರವಾದ ಮಸೂರ. ಎಳೆದು ನೋಡಿದಾಗ ನಿಂತಿದ್ದದ್ದು ಬಿಟ್ಟು ಬಂದ ಮೇಲೆ ಮೆಲ್ಲಮೆಲ್ಲನೆ, ಪ್ರವಚನದಲ್ಲಿ ತೂಕಡಿಸುವವರ ತಲೆಯಂತೆ, ಕೆಳಗೆ ಬಾಗತೊಡಗಿತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ದೊಡ್ಡವರಾರೂ ಅದನ್ನು ಗಮನಿಸಲಿಲ್ಲ. ಮುಂದೆ ಕುಳಿತಿದ್ದ ನನ್ನ ಅಕ್ಕನ ಮಗ, ಐದು ವರ್ಷದವನು, "ಮಾವ, ಕ್ಯಾಮೆರಾ ನಮಸ್ಕಾರ ಮಾಡ್ತಾ ಇದೆ!" ಎಂದು ಕೂಗಿದ. ಎಲ್ಲರೂ ನಕ್ಕೆವು. "ಸುಮ್ಮನೆ ಕೂತ್ಕೊಳೋ, ಅಲುಗಬೇಡ" ಎಂದು ನಾನೇ ಗದರಿಸಿದೆ. ಕ್ಲಿಕ್, ಕ್ಲಿಕ್, ಕ್ಲಿಕ್. ಒಳಗಿನಿಂದ ಎಲೆ ಹಾಕಿದೆಯೆಂದು ಕರೆ ಬಂತು. ಬ್ಯಾಟರಿ ಮುಗಿಯುತ್ತ ಬಂದಿತ್ತು. ಚಿತ್ರವನ್ನು ಅಲ್ಲಿಯೇ ನೋಡದೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಹೋಳಿಗೆಗೆ ಹೋದೆ.

ನೋಡಿದ್ದು ಮರುದಿನ ರಾತ್ರಿ, ಮನೆಗೆ ಬಂದ ಮೇಲೆ. ಮೊದಲನೆಯ ಚಿತ್ರದಲ್ಲಿ ನಿಂತವರಾರಿಗೂ ತಲೆಯಿಲ್ಲ. ಮೇಲಿನ ಅಂಚಿನಲ್ಲಿ ಅಜ್ಜಿಯ ಗಲ್ಲ, ನಗುತ್ತಿರುವ ಬಾಯಿ. ಎರಡನೆಯದರಲ್ಲಿ ಮಡಿಲಿನ ಮೇಲೆ ಜೋಡಿಸಿಟ್ಟ ಅವಳ ಕೈಗಳು. ಮೂರನೆಯದರಲ್ಲಿ ಪಾದಗಳು, ಸೆಗಣಿ ಸಾರಿಸಿದ ಅಂಗಳ, ರಂಗೋಲಿಯ ಒಂದು ತುದಿ. ಮೂರರಲ್ಲಿ ಎಲ್ಲಿಯೂ ಅವಳ ಕಣ್ಣಿಲ್ಲ. ಅಷ್ಟು ಹೊತ್ತಿಗೆ ಒಬ್ಬರು ಬೆಂಗಳೂರು ಸೇರಿದ್ದರು, ಒಬ್ಬರು ಪುಣೆಯ ದಾರಿ ಹಿಡಿದಿದ್ದರು. ಬರುವ ವರ್ಷ ತೆಗೆದರಾಯಿತೆಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಮಾಘದಲ್ಲಿ ಅಜ್ಜಿ ತೀರಿಕೊಂಡಳು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಮ್ಮ ಆ ದಿನದ ಚಿತ್ರಗಳನ್ನು ತೋರಿಸೆಂದಳು. ನಾನು ಏನೇನೋ ನೆಪ ಹೇಳಿ ನಾಲ್ಕು ದಿನ ತಳ್ಳಿದೆ. ಕೊನೆಗೆ ತೋರಿಸಲೇಬೇಕಾಯಿತು. ಅವಳು ಬೈಯಲಿಲ್ಲ. ಮೂರನೆಯ ಚಿತ್ರವನ್ನು ಹತ್ತಿರಕ್ಕೆ ಹಿಡಿದು, "ಇದು ದೊಡ್ಡಣ್ಣಂದು, ಹೆಬ್ಬೆರಳು ನೋಡು. ಇದು ಚಿಕ್ಕಿ. ಇದು ನಿಂದು, ಚಪ್ಪಲಿ ಬಿಟ್ಟು ಕೂರು ಅಂದರೂ ಬಿಟ್ಟಿಲ್ಲ" ಎಂದು ಒಂದೊಂದಾಗಿ ಗುರುತಿಸುತ್ತ ಹೋದಳು. ನಡುವಿನ ಎರಡು ಪಾದಗಳ ಹತ್ತಿರ ಬಂದಾಗ ಬೆರಳು ನಿಂತಿತು. ಬಲಪಾದದ ಮೇಲೆ ಒಂದು ಬಿಳಿಯ ಕಲೆ. ಅಮ್ಮ ಹುಟ್ಟುವ ಮುನ್ನವೇ ಆಲೆಮನೆಯಲ್ಲಿ ಕುದಿಯುವ ಬೆಲ್ಲ ಸಿಡಿದು ಆದದ್ದಂತೆ. ನನಗೆ ತಿಳಿದೇ ಇರಲಿಲ್ಲ. "ಇದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸು. ನಮಸ್ಕಾರ ಮಾಡುವಾಗ ನಾವು ನೋಡುತ್ತಿದ್ದದ್ದು ಇದನ್ನೇ ಅಲ್ಲವೇನೋ" ಎಂದಳು.

ಹಾಗೆ ಅದು ಗೋಡೆಗೆ ಬಂತು.

2024ರ ದೀಪಾವಳಿಗೆ ಮತ್ತೆ ಅದೇ ಅಂಗಳದಲ್ಲಿ ಸೇರಿದೆವು. ಮುಕ್ಕಾಲಿಯ ಅಧಿಕಾರ ಈಗ ಅಕ್ಕನ ಮಗನದು. ಹದಿಮೂರರ ಹುಡುಗ, ನನ್ನನ್ನು ಹತ್ತಿರಕ್ಕೂ ಬಿಡುವುದಿಲ್ಲ. ಕಾಲುಗಳನ್ನು ಊರಿದ, ಬಿರಡೆಯನ್ನು ಬಿಗಿದ, ಮಸೂರದ ಮೂತಿಯನ್ನು ಮೆಲ್ಲಗೆ ಒತ್ತಿ ಕೈಬಿಟ್ಟು, ಒಂದರಿಂದ ಹತ್ತರವರೆಗೆ ಎಣಿಸುತ್ತ ಸುಮ್ಮನೆ ನೋಡುತ್ತ ನಿಂತ. ಬಾಗಲಿಲ್ಲ. ಆಮೇಲೆಯೇ ಎಲ್ಲರನ್ನೂ ಕರೆದ. ನಡುವಿನ ಕುರ್ಚಿಯಲ್ಲಿ ಈಗ ಅಮ್ಮ ಕುಳಿತಿದ್ದಳು. ಕುಳಿತವಳು ಸೀರೆಯ ನೆರಿಗೆಯನ್ನು ಕೆಳಕ್ಕೆಳೆದು ಪಾದಗಳನ್ನು ಕುರ್ಚಿಯ ಅಡಿಗೆ ಸೇರಿಸಿಕೊಂಡಳು.

"ಯಾಕಜ್ಜೀ, ಕಾಲು ಮುಂದಿಟ್ಟು ಆರಾಮಾಗಿ ಕೂತ್ಕೋ" ಎಂದ ಅವನು, "ಇವತ್ತು ಮುಖವೇ ಬರತ್ತೆ."